ಮಕ್ಕಳು ಆಡಿದ ಬೀದಿಗಳನ್ನು ಹುಡುಕಿಕೊಂಡು

ಗುರುವಾರ, ಲಂಡನ್

2024ರ ಜುಲೈ ಎರಡನೇ ವಾರ. ಹಿಂದಿನ ರಾತ್ರಿ ಇಂಗ್ಲೆಂಡ್ ತಂಡ ಯೂರೋ ಕಪ್ ಸೆಮಿಫೈನಲ್ ಗೆದ್ದಿತ್ತು. ಹ್ಯಾರೋದಲ್ಲಿರುವ ತಂಗಿ ಮನೆಯಿಂದ ಟ್ಯೂಬ್ ಸ್ಟೇಷನ್‌ಗೆ ನಡೆಯುವ ದಾರಿಯಲ್ಲಿ ಎಷ್ಟೋ ಕಿಟಕಿಗಳಲ್ಲಿ ಬಿಳಿ-ಕೆಂಪು ಬಾವುಟ ನೇತಾಡುತ್ತಿತ್ತು. ಚೆಂಡು ಒದೆಯುವ ಒಂದು ಮಗುವೂ ಕಾಣಲಿಲ್ಲ. ಶಾಲೆ ಇತ್ತು, ಸರಿ. ಆದರೆ ಸಂಜೆ ವಾಪಸ್ ಬರುವಾಗಲೂ ಕಾಣಲಿಲ್ಲ. ಒಂಬತ್ತು ಗಂಟೆವರೆಗೂ ಬೆಳಕಿರುವ ಸಂಜೆ ಅದು.

ಬೆಂಗಳೂರಲ್ಲಿ ಬಿಡುವು ಸಿಕ್ಕಾಗಲೆಲ್ಲ ಕ್ಯಾಮೆರಾ ಹಿಡಿದು ಬೀದಿಯಲ್ಲಿ ಆಡುವ ಮಕ್ಕಳ ಫೋಟೋ ತೆಗೆಯುತ್ತೇನೆ. ಗಲ್ಲಿ ಕ್ರಿಕೆಟ್, ಲಗೋರಿ, ಗೋಲಿ, ಕುಂಟೆಬಿಲ್ಲೆ. ಈ ಕೆಲಸವನ್ನು ಬದುಕಿಡೀ ಮಾಡಿದ ಕೆಲವರು ಬ್ರಿಟನ್ನಿನಲ್ಲಿದ್ದರು. ಅವರು ನಿಂತ ಬೀದಿಗಳಲ್ಲಿ ನಾನೂ ನಿಂತು ನೋಡಬೇಕು ಅನ್ನೋದು ಬಹಳ ವರ್ಷಗಳ ಆಸೆ. ತಂಗಿ ಕರೆಯುತ್ತಲೇ ಇದ್ದಳು, ಈ ಸಲ ಹೊರಟುಬಿಟ್ಟೆ.

ಮೊದಲು ಹೋಗಿದ್ದು ಸ್ಟ್ರ್ಯಾಂಡ್‌ನ ಕೋರ್ಟೋಲ್ಡ್ ಗ್ಯಾಲರಿಗೆ. ಅಲ್ಲಿ ಆ ಬೇಸಿಗೆ ಪೂರ್ತಿ ರೋಜರ್ ಮೇಯ್ನ್ ಅವರ ಫೋಟೋ ಪ್ರದರ್ಶನ. ಮೇಯ್ನ್ (1929–2014) ಆಕ್ಸ್‌ಫರ್ಡ್‌ನಲ್ಲಿ ಕೆಮಿಸ್ಟ್ರಿ ಓದಿದವರು, ಫೋಟೋಗ್ರಫಿ ತಾವಾಗೇ ಕಲಿತವರು. 1956ರಲ್ಲಿ ಪಶ್ಚಿಮ ಲಂಡನ್ನಿನ ಸೌದಮ್ ಸ್ಟ್ರೀಟ್ ಅನ್ನೋ ಬಡ ಬೀದಿ ಅವರ ಕಣ್ಣಿಗೆ ಬಿತ್ತು. 1961ರವರೆಗೂ ಅದೇ ಬೀದಿಗೆ ಮತ್ತೆ ಮತ್ತೆ ಹೋದರು.

ಎರಡು ಫೋಟೋಗಳ ಮುಂದೆ ಬಹಳ ಹೊತ್ತು ನಿಂತೆ. ಒಂದು 1956ರ ಗೋಲ್‌ಕೀಪರ್ ಹುಡುಗನದು. ಪ್ಯಾಡಿಂಗ್ಟನ್‌ನ ಬ್ರಿಂಡ್ಲಿ ರೋಡ್‌ನಲ್ಲಿ, ಗಟ್ಟಿ ರಸ್ತೆ ಮೇಲೆ, ಮಂಡಿ ತರಚಿದರೆ ತರಚಲಿ ಅಂತ ಚೆಂಡಿಗೆ ಮೈ ಚೆಲ್ಲಿದ್ದಾನೆ. ಇನ್ನೊಂದು ಮರುವರ್ಷದ್ದು: ಕೈ ಮೇಲೆ ನಿಲ್ಲಲು ಹೊರಟ ಹುಡುಗಿ. ಇನ್ನೂ ನಿಂತಿಲ್ಲ, ಈಗ ಶುರು. ಆಟದ ನಡುವೆ ಬರುವ ಈ ಕ್ಷಣ ಹಿಡಿಯೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹೊರಗಿನವನು ಬಂದ ಅಂತ ಅನಿಸಿದ ತಕ್ಷಣ ಮಕ್ಕಳು ಆಟ ಬಿಟ್ಟು ಸಾಲಾಗಿ ನಿಂತುಬಿಡುತ್ತಾರೆ. ನಮ್ಮಲ್ಲಂತೂ "ಅಂಕಲ್, ಫೋಟೋ ಫೋಟೋ" ಅಂತ ಎರಡು ಬೆರಳು ಎತ್ತಿಬಿಡುತ್ತಾರೆ. ಇಲ್ಲಿ ಮಕ್ಕಳಿಗೆ ಮೇಯ್ನ್ ಇದ್ದಾರೆ ಅನ್ನೋದೇ ಮರೆತುಹೋಗಿದೆ. ಆ ಮರೆವನ್ನು ಒಂದೇ ದಿನದಲ್ಲಿ ಗಳಿಸೋಕೆ ಆಗಲ್ಲ.

ಇನ್ನೊಂದು ವಿಷಯ ಕಣ್ಣಿಗೆ ಹೊಡೆಯಿತು. ಸೌದಮ್ ಸ್ಟ್ರೀಟ್ ಫೋಟೋಗಳಲ್ಲಿ ಕಾರು ಕಾಣೋದು ಬಲು ಅಪರೂಪ. ಗೋಡೆಯಿಂದ ಗೋಡೆವರೆಗೆ ಪೂರ್ತಿ ಮಕ್ಕಳದೇ. ಅಲ್ಲಿಂದ ಮುಂದೆ ಪ್ರತಿ ಫೋಟೋದಲ್ಲೂ ನಾನು ಮೊದಲು ಹುಡುಕಿದ್ದು ಕಾರನ್ನೇ.

ಶುಕ್ರವಾರ, ಗೋಲ್ಬೋರ್ನ್ ರೋಡ್

ವೆಸ್ಟ್‌ಬೋರ್ನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ರೈಲು ಹಳಿಯ ಮೇಲಿನ ಸೇತುವೆ ದಾಟಿದೆ. ದೂರದಿಂದಲೇ ಟ್ರೆಲಿಕ್ ಟವರ್ ಕಾಣುತ್ತದೆ. 31 ಮಹಡಿ, ಪಕ್ಕದಲ್ಲಿ ಲಿಫ್ಟ್‌ಗೇ ಅಂತ ಇನ್ನೊಂದು ಸಣಕಲು ಗೋಪುರ. ಎರ್ನೋ ಗೋಲ್ಡ್‌ಫಿಂಗರ್ ವಿನ್ಯಾಸ ಮಾಡಿದ್ದು, 1972ರಲ್ಲಿ ಮುಗಿಯಿತು. ಮೇಯ್ನ್ ನಿಂತಿದ್ದ ಬೀದಿಯ ಬಹುಪಾಲು ಮನೆಗಳನ್ನು 60ರ ದಶಕದ ಕೊನೆಗೆ ಕೆಡವಿ ಈ ಪ್ರದೇಶವನ್ನು ಹೊಸದಾಗಿ ಕಟ್ಟಿದರು. ಸೌದಮ್ ಸ್ಟ್ರೀಟ್ ಅನ್ನೋ ಬೋರ್ಡ್ ಇದೆ, ಒಂದು ತುಂಡು ರಸ್ತೆಯೂ ಇದೆ. ಫೋಟೋದಲ್ಲಿರುವ ಮೆಟ್ಟಿಲು, ಕಂಬದ ಬಾಗಿಲು, ಸಿಪ್ಪೆ ಎದ್ದ ಗೋಡೆ ಯಾವುದೂ ಇಲ್ಲ.

ಹಳೇ ಬೀದಿ ಹೋಯಿತಲ್ಲ ಅಂತ ಕೊರಗೋದು ಸುಲಭ. ಆ ಮನೆಗಳ ಒಳಗೆ ಬದುಕಿದವರ ಮಾತು ಬೇರೆ. ಮುಂದೆ ಬ್ರಿಟನ್ನಿನ ಗೃಹ ಸಚಿವರಾದ ಅಲನ್ ಜಾನ್ಸನ್ ಬೆಳೆದಿದ್ದು ಇದೇ ಸೌದಮ್ ಸ್ಟ್ರೀಟ್‌ನಲ್ಲಿ. ವಾಸಕ್ಕೆ ಲಾಯಕ್ಕಿಲ್ಲ ಅಂತ ಸರ್ಕಾರವೇ ಹೇಳಿದ್ದ ಮನೆಗಳವು. ತೇವ, ಒಂದೆರಡು ರೂಮಿನಲ್ಲಿ ಇಡೀ ಸಂಸಾರ, ಸ್ನಾನಕ್ಕೆ ಜಾಗ ಇಲ್ಲ. ಮಕ್ಕಳು ಅಷ್ಟು ಹೊತ್ತು ಹೊರಗೆ ಇರುತ್ತಿದ್ದುದಕ್ಕೆ ಒಳಗೆ ಜಾಗ ಇಲ್ಲದ್ದೂ ಒಂದು ಕಾರಣ. ಫೋಟೋದಲ್ಲಿ ನಾವು ನೋಡುವ ಖುಷಿ ನಿಜ, ಅದರ ಹಿಂದಿನ ಕಷ್ಟವೂ ನಿಜ. ಮೇಯ್ನ್ ಎರಡನ್ನೂ ಬಿಟ್ಟಿಲ್ಲ. ಹರಿದ ಸ್ವೆಟರ್ ಇದೆ, ಆದರೆ ಕಣ್ಣು ಹೋಗೋದು ಮೊದಲು ಹುಡುಗಿಯ ಜಿಗಿತಕ್ಕೆ.

ಗೋಲ್ಬೋರ್ನ್ ರೋಡಿನ ಮೂಲೆಯಲ್ಲಿ ಒಂದು ನೀಲಿ ಫಲಕ ಇದೆ. ಕೆಲ್ಸೋ ಕಾಕ್ರೇನ್ ಹೆಸರಿನದು. ಆಂಟಿಗುವಾದಿಂದ ಬಂದಿದ್ದ ಬಡಗಿ. 1959ರ ಮೇ ತಿಂಗಳ ಒಂದು ರಾತ್ರಿ ಇಲ್ಲೇ, ಸೌದಮ್ ಸ್ಟ್ರೀಟ್‌ನಲ್ಲಿ, ಬಿಳಿ ಹುಡುಗರ ಗುಂಪೊಂದು ಅವರನ್ನು ಚುಚ್ಚಿ ಕೊಂದಿತು. ಯಾರಿಗೂ ಶಿಕ್ಷೆ ಆಗಲಿಲ್ಲ. ಮೇಯ್ನ್ ಆ ಬೀದಿಗೆ ಬಂದು ಹೋಗುತ್ತಿದ್ದ ವರ್ಷಗಳೇ ಅವು. ಮೇಯ್ನ್ ಚಿತ್ರಗಳಲ್ಲಿ ಕಪ್ಪು ಮಕ್ಕಳು, ಬಿಳಿ ಮಕ್ಕಳು ಒಟ್ಟಿಗೆ ನಿಂತಿದ್ದಾರೆ. ಇನ್ನು ಮುಂದೆ ಆ ಚಿತ್ರಗಳನ್ನು ನೋಡುವಾಗಲೆಲ್ಲ ಈ ಫಲಕ ನೆನಪಾಗದೆ ಇರಲ್ಲ. ಹಳೇ ಬೀದಿ ಬಂಗಾರದಂಥದ್ದು ಅಂತ ಬರೆಯೋರು ಈ ಮೂಲೆಗೆ ಒಮ್ಮೆ ಬಂದು ನಿಲ್ಲಬೇಕು.

ಟವರ್ ಪಕ್ಕ, ಕಾಲುವೆ ದಂಡೆಗೆ ಮೀನ್‌ವೈಲ್ ಗಾರ್ಡನ್ಸ್ ಅನ್ನೋ ಪಾರ್ಕ್ ಇದೆ. 70ರ ದಶಕದಲ್ಲಿ ಊರಿನವರೇ ಸೇರಿ ಪಾಳು ಜಾಗದಲ್ಲಿ ಮಾಡಿದ್ದು. ಅದರೊಳಗೆ ಸ್ಕೇಟ್‌ಬೋರ್ಡ್ ಆಡೋಕೆ ಸಿಮೆಂಟಿನ ಗುಂಡಿ. ಶಾಲೆ ಬಿಟ್ಟ ಮೇಲೆ ಹುಡುಗರು ಬಂದರು. ಒಬ್ಬ ಹುಡುಗಿ ಗುಂಡಿಯ ಅಂಚಿಗೆ ಬಂದು ಕೆಳಗೆ ನೋಡ್ತಾಳೆ, ಹಿಂದೆ ಹೋಗ್ತಾಳೆ, ಮತ್ತೆ ಬರ್ತಾಳೆ. ಹಲಗೆಯ ಹಿಂಭಾಗವನ್ನು ಕಾಲಲ್ಲಿ ಒತ್ತಿ ಮುಂಭಾಗ ಗಾಳಿಗೆ ಎತ್ತುತ್ತಾಳೆ, ಇಳಿಸುತ್ತಾಳೆ. ಕೊನೆಗೆ ಇಳಿದಾಗ ಉಳಿದವರೆಲ್ಲ ತಮ್ಮ ಹಲಗೆಯನ್ನು ಸಿಮೆಂಟಿಗೆ ಬಡಿದು ಸದ್ದು ಮಾಡಿದರು. ಅವರ ಚಪ್ಪಾಳೆ ಅದು. ನಾನು ಕ್ಯಾಮೆರಾ ಎತ್ತಲಿಲ್ಲ. ಇಲ್ಲಿ ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯೋಕೆ ಕಾನೂನಿನ ಅಡ್ಡಿ ಇಲ್ಲ. ಆದರೆ ಗುರುತಿಲ್ಲದ ಗಂಡಸು ಮಕ್ಕಳತ್ತ ಲೆನ್ಸ್ ತಿರುಗಿಸಿದರೆ ಯಾವ ತಾಯಿಗಾದರೂ ಆತಂಕ ಆಗುತ್ತೆ. ಆ ಆತಂಕಕ್ಕೆ ಬೆಲೆ ಕೊಡಬೇಕು. ಕೇಳದೆ ಮುಖ ತೆಗೆಯಲ್ಲ ಅಂತ ಮೊದಲೇ ತೀರ್ಮಾನಿಸಿಕೊಂಡೇ ಹೊರಟಿದ್ದೆ.

ಶನಿವಾರ, ಬೆತ್ನಲ್ ಗ್ರೀನ್ ಮತ್ತು ಹ್ಯಾಕ್ನಿ

ತಂಗಿ ಮಗಳು ಪುಟ್ಟಿಗೆ ಹತ್ತು ವರ್ಷ. "ಮಾವ, ನಾನೂ ಬರ್ತೀನಿ" ಅಂತ ಹೊರಟಳು. ಬೆಳಿಗ್ಗೆ ಬೆತ್ನಲ್ ಗ್ರೀನ್‌ನ ಯಂಗ್ ವಿ ಅಂಡ್ ಎ ಮ್ಯೂಸಿಯಂ. ಮಕ್ಕಳಿಗೇ ಅಂತ ಇರುವುದು, ಟಿಕೆಟ್ ಇಲ್ಲ. 2023ರಲ್ಲಿ ಹೊಸದಾಗಿ ತೆರೆದದ್ದು, ಅದೇ ವಾರ ಬ್ರಿಟನ್ನಿನ ವರ್ಷದ ಮ್ಯೂಸಿಯಂ ಪ್ರಶಸ್ತಿ ಪಡೆದಿತ್ತು. ಪುಟ್ಟಿಗೆ ಅಲ್ಲೇ ಇರಬೇಕಿತ್ತು. ಎಳೆದುಕೊಂಡು ಹೊರಟಿದ್ದು ಚಿಸೆನ್‌ಹೇಲ್ ರೋಡಿಗೆ.

ನೈಜೆಲ್ ಹೆಂಡರ್ಸನ್ ಅನ್ನೋ ಕಲಾವಿದರು ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಬೀದಿಯಲ್ಲಿ ಮನೆ ಮಾಡಿದ್ದರು. ಯುದ್ಧದಲ್ಲಿ ಪೈಲಟ್ ಆಗಿದ್ದರು, ಮನಸ್ಸು ಜರ್ಜರಿತ. ಹೆಂಡತಿ ಜೂಡಿತ್‌ಗೆ ಇಲ್ಲಿನ ಜನರ ಬದುಕನ್ನು ಅಭ್ಯಾಸ ಮಾಡುವ ಕೆಲಸ. ಹೆಂಡರ್ಸನ್ ಸುಮ್ನೆ ಕ್ಯಾಮೆರಾ ಹಿಡಿದು ಓಡಾಡಲು ಶುರುಮಾಡಿದರು. ಫುಟ್‌ಪಾತ್ ಮೇಲೆ ಸೀಮೆಸುಣ್ಣದ ಮನೆ ಬರೆದು ಕುಂಟುವ ಹುಡುಗಿಯರು, ಸೈಕಲ್ ಸುತ್ತಿಸುವ ಹುಡುಗರು. ಈ ಚಿತ್ರಗಳಿಗೆ ಆಮೇಲೆ ದೊಡ್ಡ ಕೆಲಸ ಬಂತು. 1953ರಲ್ಲಿ ಫ್ರಾನ್ಸಿನಲ್ಲಿ ಜಗತ್ತಿನ ಆರ್ಕಿಟೆಕ್ಟ್‌ಗಳೆಲ್ಲ ಸೇರಿದ್ದ ಸಭೆಯಲ್ಲಿ ಬ್ರಿಟನ್ನಿನ ಆರ್ಕಿಟೆಕ್ಟ್‌ಗಳಾದ ಸ್ಮಿತ್ಸನ್ ದಂಪತಿ ಇವನ್ನು ಫಲಕಕ್ಕೆ ಅಂಟಿಸಿ ತೋರಿಸಿದರು. ಊರು ಕಟ್ಟುವಾಗ ಮನೆ ಬಾಗಿಲ ಮುಂದಿನ ಬೀದಿಯನ್ನು ಲೆಕ್ಕಕ್ಕೆ ತಗೊಳ್ಳಿ ಅನ್ನೋದು ಅವರ ವಾದ. ಕುಂಟೆಬಿಲ್ಲೆ ಆಡುವ ಮಕ್ಕಳ ಫೋಟೋ ನಗರ ಯೋಜನೆಯ ಚರ್ಚೆಗೆ ಸಾಕ್ಷಿ ಹೇಳಿತು ಅನ್ನೋದನ್ನು ನೆನೆದರೆ ನನಗೆ ಈಗಲೂ ಹುರುಪು ಬರುತ್ತೆ.

ಬೀದಿ ಇನ್ನೂ ಇದೆ. ಎರಡೂ ಕಡೆ ಕಾರು.

ಮಧ್ಯಾಹ್ನ ಹ್ಯಾಕ್ನಿಯಲ್ಲಿ ತಂಗಿಯ ಗೆಳತಿ ಮನೆ ಮುಂದೆ 'ಪ್ಲೇ ಸ್ಟ್ರೀಟ್' ಇತ್ತು. ತಿಂಗಳಿಗೆ ಒಂದೆರಡು ಸಲ, ಕೆಲವು ಗಂಟೆ, ಬೀದಿಯವರೇ ಕೌನ್ಸಿಲ್ ಅನುಮತಿ ಪಡೆದು ರಸ್ತೆ ಬಂದ್ ಮಾಡ್ತಾರೆ. ಇದು ಹೊಸ ಯೋಚನೆ ಏನಲ್ಲ. 1938ರಲ್ಲೇ ಇದಕ್ಕೆ ಬ್ರಿಟನ್ನಿನಲ್ಲಿ ಕಾನೂನು ಬಂದಿತ್ತು, ಆಗ ನೂರಾರು ಬೀದಿಗಳು ಮಕ್ಕಳಿಗೆ ಬಿಟ್ಟಿದ್ದವು. ಕಾರು ಹೆಚ್ಚಾದ ಹಾಗೆ ಮಾಯವಾದವು. 2009ರಲ್ಲಿ ಬ್ರಿಸ್ಟಲ್‌ನ ಕೆಲವು ತಾಯಂದಿರು ಮತ್ತೆ ಶುರುಮಾಡಿದರು, ಆಮೇಲೆ ಲಂಡನ್ನಿನಲ್ಲಿ ಹ್ಯಾಕ್ನಿ ಮುಂದೆ ಬಂತು.

ಎರಡೂ ತುದಿಯಲ್ಲಿ ಕೆಂಪು ಕೋನ್ ಇಟ್ಟು, ಹೊಳೆಯುವ ಹಳದಿ ಜಾಕೆಟ್ ಹಾಕಿಕೊಂಡು ದೊಡ್ಡವರು ನಿಂತಿದ್ದರು. ಬೀದಿಯಲ್ಲೇ ಮನೆ ಇರುವವರ ಕಾರು ಬಂದರೆ ಒಬ್ಬರು ಸೀಟಿ ಊದಿ, ಮಕ್ಕಳನ್ನು ಬದಿಗೆ ಸರಿಸಿ, ಕಾರಿನ ಮುಂದೆ ನಡೆದುಕೊಂಡೇ ಕರೆತರುತ್ತಾರೆ. ಐದು ನಿಮಿಷದಲ್ಲಿ ರಸ್ತೆ ತುಂಬ ಸೀಮೆಸುಣ್ಣ. ಕುಂಟೆಬಿಲ್ಲೆ ಮನೆಗೆ ಒಂದರಿಂದ ಹತ್ತು ನಂಬರ್ ಹಾಕಿದ್ದರು. ಪುಟ್ಟಿ ಅಮ್ಮ ಕಲಿಸಿದ ಹಾಗೆ ಬಿಲ್ಲೆ ಎಸೆದು, ಕುಂಟಿ, ವಾಪಸ್ ಬರುವಾಗ ಬಗ್ಗಿ ಎತ್ತಿಕೊಂಡಳು. ಉಳಿದವರು ತಕರಾರು ತೆಗೆದರು, ಬಗ್ಗುವಾಗ ಕೈ ನೆಲಕ್ಕೆ ತಾಗಿತು ಅಂತ. ಜೋರು ಚರ್ಚೆ. ಗೆಳತಿ ಎಲ್ಲ ಮನೆಯವರನ್ನೂ ಕೇಳಿ ನನಗೆ ಒಪ್ಪಿಗೆ ಕೊಡಿಸಿದ್ದರು. ಇಬ್ಬರು ಮಾತ್ರ ಮುಖ ಬೇಡ ಅಂದಿದ್ದರು. ಆ ಮಕ್ಕಳು ಬಂದಾಗ ಕಾಲು, ಕೈ, ನೆರಳು ತೆಗೆದೆ. ಆ ದಿನದ ಒಳ್ಳೆಯ ಫೋಟೋಗಳೆಲ್ಲ ಅವೇ.

ಭಾನುವಾರ, ಸಾಲ್ಫರ್ಡ್

ಯೂಸ್ಟನ್‌ನಿಂದ ಮ್ಯಾಂಚೆಸ್ಟರ್‌ಗೆ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ. ಪಕ್ಕದಲ್ಲೇ ಅಂಟಿಕೊಂಡಿರುವ ಊರು ಸಾಲ್ಫರ್ಡ್. ಫೋಟೋಗ್ರಾಫರ್ ಶರ್ಲಿ ಬೇಕರ್ (1932–2014) ಹುಟ್ಟಿದ್ದು ಇಲ್ಲೇ. 60ರ ದಶಕದಲ್ಲಿ ಸಾಲ್ಫರ್ಡ್, ಹ್ಯೂಮ್ ಕಡೆಯ ಹಳೇ ಸಾಲುಮನೆಗಳನ್ನು ಸರ್ಕಾರ ಬೀದಿಬೀದಿಯಾಗಿ ಕೆಡವುತ್ತಾ ಬಂತು. ಬೇಕರ್ ಆ ಬೀದಿಗಳಲ್ಲೇ ನಡೆದರು. ಪತ್ರಿಕೆಯಲ್ಲಿ ಫೋಟೋಗ್ರಾಫರ್ ಆಗಬೇಕು ಅನ್ನೋದು ಅವರ ಕನಸು. ಹೆಣ್ಣುಮಗಳಿಗೆ ಯೂನಿಯನ್ ಕಾರ್ಡ್ ಸಿಗಲಿಲ್ಲ. ಯಾರೂ ಹೇಳದೆ, ಯಾರೂ ದುಡ್ಡು ಕೊಡದೆ, ತಮ್ಮಷ್ಟಕ್ಕೆ ತೆಗೆದರು.

ಅರ್ಧ ಕೆಡವಿದ ಮನೆ, ಪಕ್ಕದ ಮನೆಯಲ್ಲಿ ಇನ್ನೂ ಜನ, ಮುಂದೆ ಮಕ್ಕಳು. ದೀಪದ ಕಂಬಕ್ಕೆ ಹಗ್ಗ ಕಟ್ಟಿ ಜೋಕಾಲಿ. ಇಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದ ವಿಕೆಟ್. ಈ ವಿಕೆಟ್ ನೋಡಿದ ಯಾವ ಕನ್ನಡಿಗನಿಗೂ ವಿವರಣೆ ಬೇಕಿಲ್ಲ, ಅಲ್ವಾ? 1965ರಲ್ಲಿ ಕಲರ್ ಫಿಲ್ಮಿನಲ್ಲೂ ತೆಗೆದರು. ಬಡತನ ಅಂದ ಕೂಡಲೇ ಕಪ್ಪು-ಬಿಳುಪು ಅಂದುಕೊಂಡಿದ್ದ ಕಾಲದಲ್ಲಿ ಬೇಕರ್ ಮಕ್ಕಳ ಸ್ವೆಟರ್ ಕೆಂಪಾಗಿದೆ, ಬಾಗಿಲು ನೀಲಿಯಾಗಿದೆ. ನನಗೆ ಬೇಕರ್ ಎಲ್ಲರಿಗಿಂತ ಇಷ್ಟ.

ಹ್ಯೂಮ್‌ನ ಹಳೇ ಮನೆ ಕೆಡವಿ 70ರ ದಶಕದಲ್ಲಿ ಕಟ್ಟಿದ ಅರ್ಧಚಂದ್ರಾಕಾರದ ಉದ್ದುದ್ದ ಕಾಂಕ್ರೀಟ್ ವಸತಿಗಳು ಸೋರಿ, ಹಾಳಾಗಿ, 90ರ ದಶಕದಲ್ಲಿ ಅವೂ ನೆಲಸಮ. ಒಂದೇ ಜಾಗದ ಜನ ಎರಡು ಸಲ ಬೀದಿ ಕಳೆದುಕೊಂಡರು.

ಸಾಲ್ಫರ್ಡ್ ಮ್ಯೂಸಿಯಂ ಒಳಗೆ ಒಂದು ಇಡೀ ಹಳೇ ಬೀದಿ ಕಟ್ಟಿದ್ದಾರೆ. ಕೆಡವುತ್ತಿದ್ದ ಅಂಗಡಿಗಳ ಮುಂಭಾಗ ತಂದು ಜೋಡಿಸಿದ್ದು, 1957ರದು. ಚೆನ್ನಾಗಿದೆ. ಆದರೆ ಅಲ್ಲಿ ಆಡೋರಿಲ್ಲ. ಸಂಜೆ ಆರ್ಡ್‌ಸಾಲ್ ಕಡೆ ನಡೆದೆ. ರಾತ್ರಿ ಎಂಟಕ್ಕೆ ಸ್ಪೇನ್ ವಿರುದ್ಧ ಫೈನಲ್. ಅವತ್ತು ಮಾತ್ರ ಹುಡುಗರು ಬೀದಿಗಿಳಿದಿದ್ದರು. ಎದುರಿನ ಗೋಡೆ ಮೇಲೆ 'ಇಲ್ಲಿ ಚೆಂಡಾಟ ಆಡಬಾರದು' ಅಂತ ತಗಡಿನ ಬೋರ್ಡ್. ಇಂಥ ಬೋರ್ಡು ಬ್ರಿಟನ್ನಿನ ವಸತಿ ಬಡಾವಣೆಗಳಲ್ಲಿ ಎಲ್ಲೆಲ್ಲೂ ಇದೆ. ಹುಡುಗರು ಆ ಬೋರ್ಡಿಗೇ ಗುರಿಯಿಟ್ಟು ಒದೆಯುತ್ತಿದ್ದರು, ತಾಗಿದರೆ ಗೋಲು. ತಗಡು ಢಣ್ ಅಂದಾಗಲೆಲ್ಲ ಕೂಗಾಟ. ಇಂಗ್ಲೆಂಡ್ ಅವತ್ತು ಸೋತಿತು, 2–1.

ಸೋಮವಾರ, ನ್ಯೂಕಾಸಲ್

ಮಳೆ. ಸೋತ ಊರಿನ ರೈಲಿನಲ್ಲಿ ಯಾರೂ ಮಾತಾಡಲಿಲ್ಲ.

ಈ ಪ್ರವಾಸದಲ್ಲಿ ಒಂದೇ ಊರಿಗೆ ಹೋಗು ಅಂದಿದ್ದರೆ ನ್ಯೂಕಾಸಲ್‌ಗೇ ಬರುತ್ತಿದ್ದೆ. ಇಲ್ಲಿ ಕೆಲಸ ಮಾಡಿದ ಫೋಟೋಗ್ರಾಫರ್ ಸಿರ್ಕಾ-ಲೀಸಾ ಕೋಂಟಿನೆನ್ ಫಿನ್ಲೆಂಡಿನವರು, 1948ರಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ಸಿನಿಮಾ ಓದುವಾಗ ಗೆಳೆಯರ ಜೊತೆ ಆ್ಯಂಬರ್ ಅನ್ನೋ ಗುಂಪು ಕಟ್ಟಿ, 1969ರಲ್ಲಿ ನ್ಯೂಕಾಸಲ್‌ಗೆ ಬಂದರು. ಬೈಕರ್ ಅನ್ನೋ ಕಾರ್ಮಿಕರ ಕೇರಿಯಲ್ಲಿ ಬಾಡಿಗೆ ಮನೆ ಹಿಡಿದರು. ಆಗ ಇಂಗ್ಲಿಷ್ ಕೂಡ ಅವರಿಗೆ ಪರಭಾಷೆ, ಅದರ ಮೇಲೆ ಇಲ್ಲಿನ ಜನರ ಮಾತು ಲಂಡನ್ನಿನವರಿಗೇ ಅರ್ಥ ಆಗಲ್ಲ. ರೇಬಿ ಸ್ಟ್ರೀಟ್‌ನಲ್ಲಿ ಖಾಲಿ ಬಿದ್ದಿದ್ದ ಕ್ಷೌರದಂಗಡಿಯನ್ನು ಸ್ಟುಡಿಯೋ ಮಾಡಿಕೊಂಡು, ಬಂದವರಿಗೆಲ್ಲ ಪುಕ್ಕಟೆ ಫೋಟೋ ತೆಗೆದುಕೊಟ್ಟರು. ಕೇರಿಯನ್ನು ಕೆಡವುವ ಕೆಲಸ ನಡೆದೇ ಇತ್ತು. ಏಳು ವರ್ಷದ ಹೊತ್ತಿಗೆ ಅವರ ಮನೆಯೂ ಹೋಯಿತು.

1971ರ ಅವರ ಒಂದು ಫೋಟೋ ಬಹಳ ಜನ ನೋಡಿರುತ್ತಾರೆ. ಕೊಂಬಿನ ಹಿಡಿ ಇರುವ ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂತು ಹಾರುತ್ತಿರುವ ಹುಡುಗಿ. ಖಾಲಿ ಬೀದಿ. ಅವಳ ಮುಖದ ಖುಷಿ ನೋಡಿದರೆ ಫೋಟೋಗ್ರಾಫರ್ ಅವಳಿಗೆ ಪರಿಚಿತ ಅಂತ ಥಟ್ಟನೆ ಗೊತ್ತಾಗುತ್ತೆ. ಕೋಂಟಿನೆನ್ ಚಿತ್ರಗಳು ಮತ್ತು ಆ್ಯಂಬರ್ ಸಿನಿಮಾಗಳನ್ನು 2011ರಲ್ಲಿ ಯುನೆಸ್ಕೋದ ಬ್ರಿಟನ್ ಸ್ಮೃತಿ ದಾಖಲೆ ಪಟ್ಟಿಗೆ ಸೇರಿಸಿದರು. ಆದರೂ ಅವರ ಸೈಡ್ ಗ್ಯಾಲರಿ 2023ರಲ್ಲಿ ಅನುದಾನ ನಿಂತು ಬಾಗಿಲು ಹಾಕಿತು. ನದಿ ಹತ್ತಿರದ ಇಳಿಜಾರು ಬೀದಿಯಲ್ಲಿ ಮುಚ್ಚಿದ ಬಾಗಿಲು ನೋಡಿ ಸಂಕಟ ಆಯಿತು. ಜನರ ಬದುಕನ್ನು ಇಷ್ಟು ಹತ್ತಿರದಿಂದ ಕಾಪಾಡಿಕೊಂಡು ಬಂದ ಜಾಗ ಅದು.

ಮೆಟ್ರೋದಲ್ಲಿ ಬೈಕರ್‌ಗೆ ಹೋದೆ. ಹಳೇ ಕೇರಿ ಇದ್ದ ಗುಡ್ಡದ ಮೇಲೆ ಈಗ ಬೈಕರ್ ವಾಲ್. ಬಣ್ಣ ಬಣ್ಣದ ಇಟ್ಟಿಗೆಯ, ಹಾವಿನ ಹಾಗೆ ಹರಿದಿರುವ ಒಂದೇ ಉದ್ದ ಕಟ್ಟಡ. ಬರಬೇಕಾಗಿದ್ದ ಹೆದ್ದಾರಿಯ ಸದ್ದು ತಡೆಯಲು ಗೋಡೆಯಾಗಿ ಕಟ್ಟಿದ್ದು. ಆರ್ಕಿಟೆಕ್ಟ್ ರಾಲ್ಫ್ ಎರ್ಸ್ಕಿನ್ ಇಲ್ಲೇ, ಹಿಂದೆ ಶವಸಂಸ್ಕಾರದ ಅಂಗಡಿಯಾಗಿದ್ದ ಜಾಗದಲ್ಲಿ ಆಫೀಸ್ ತೆರೆದು, ಜನ ಬಂದು ಮಾತಾಡಲಿ ಅಂತ ಬಾಗಿಲು ತೆಗೆದಿಟ್ಟರು. ಹಾಗಿದ್ದರೂ ಹಳೇ ಕೇರಿಯ ಬಹುಪಾಲು ಜನ ಇಲ್ಲಿಗೆ ವಾಪಸ್ ಬರಲಿಲ್ಲ.

ಗೋಡೆಯ ಒಳಗಡೆ ಇಳಿದರೆ ಬೇರೆ ಲೋಕ. ನಡೆಯುವ ದಾರಿಗಳು, ಸಣ್ಣ ಅಂಗಳಗಳು, ಗಿಡ, ಬೆಂಚು. ಕಾರಿಗೆ ಹೆಚ್ಚು ಜಾಗವೇ ಇಲ್ಲ. ಮಳೆ ನಿಂತ ಹತ್ತೇ ನಿಮಿಷಕ್ಕೆ ಎಲ್ಲಿಂದಲೋ ಮಕ್ಕಳು ಬಂದರು. ಸ್ಕೂಟರ್, ಸೈಕಲ್, ನೀರು ನಿಂತ ಗುಂಡಿಗೆ ಜಿಗಿತ. ಗುರುವಾರದಿಂದ ನಾನು ಹುಡುಕುತ್ತಿದ್ದ ದೃಶ್ಯ. ಹ್ಯಾಕ್ನಿಯಲ್ಲಿ ಕೋನ್ ಇಟ್ಟು ಮಾಡಿದ್ದು ಇಲ್ಲಿ ದಿನಾ ತಾನಾಗೇ ನಡೆಯುತ್ತೆ. ಈಗಿನ ಮಕ್ಕಳಿಗೆ ಮೊಬೈಲ್ ಹುಚ್ಚು, ಆಟ ಬೇಡ ಅಂತ ಹೇಳ್ತೀವಲ್ಲ, ಆ ಮಾತು ನಾನು ಇನ್ನು ಆಡಲ್ಲ. ಬಾಗಿಲ ಮುಂದೆ ಕಾರಿನ ಭಯ ಇಲ್ಲದ ನೆಲ ಸಿಕ್ಕರೆ ಸಾಕು, ಮಕ್ಕಳು ಹೊರಗೆ ಬಂದೇ ಬರುತ್ತಾರೆ.

ಬೆಂಚಿನ ಮೇಲಿದ್ದ ಒಬ್ಬ ಹಿರಿಯರ ಹತ್ತಿರ ಮಾತಾಡಿದೆ. ಹುಟ್ಟಿದ್ದು ಹಳೇ ಬೈಕರ್‌ನಲ್ಲಂತೆ. ತಮ್ಮ ಬೀದಿ ಎಲ್ಲಿತ್ತು ಅಂತ ಕೋಲು ಎತ್ತಿ ತೋರಿಸಿದರು, ಯಾರದೋ ಅಡುಗೆಮನೆ ಕಿಟಕಿಯ ಮಧ್ಯದಿಂದ ಹಾದುಹೋಗುತ್ತಿತ್ತು ಆ ಗೆರೆ. ಕೋಂಟಿನೆನ್ 2003ರ ನಂತರ ಮತ್ತೆ ಇಲ್ಲಿಗೆ ಬಂದು ಹೊಸ ಬೈಕರ್ ಜನರ ಫೋಟೋ ತೆಗೆದರು, ಆಶ್ರಯ ಕೇಳಿ ಬೇರೆ ದೇಶಗಳಿಂದ ಬಂದವರದೂ ಸೇರಿ. ಒಂದು ಜಾಗಕ್ಕೆ ಇಷ್ಟು ವರ್ಷ ಕೊಟ್ಟ ಫೋಟೋಗ್ರಾಫರ್‌ಗಳು ಎಷ್ಟು ಜನ ಇದ್ದಾರು?

ಮಂಗಳವಾರ, ಗ್ಲಾಸ್ಗೋ

ಸ್ಕಾಟ್ಲೆಂಡಿನಲ್ಲಿ ಶಾಲೆಗೆ ಆಗಲೇ ರಜೆ. ಕ್ಲೈಡ್ ನದಿ ದಾಟಿದರೆ ಗಾರ್ಬಲ್ಸ್. ಒಂದು ಕಾಲಕ್ಕೆ ಯುರೋಪಿನಲ್ಲೇ ಅತಿ ಇಕ್ಕಟ್ಟಾದ ವಠಾರಗಳಿಗೆ ಹೆಸರಾಗಿದ್ದ ಜಾಗ. ಮೆಟ್ಟಿಲು ಒಂದೇ, ನಲ್ಲಿ ಒಂದೇ, ಕಕ್ಕಸು ಹಲವು ಮನೆಗೆ ಒಂದು. ಅಮ್ಮಂದಿರು ಮೇಲಿನ ಮಹಡಿ ಕಿಟಕಿಯಿಂದ ಜಾಮ್ ಹಚ್ಚಿದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೆಳಗೆ ಆಡುವ ಮಕ್ಕಳಿಗೆ ಎಸೆಯುತ್ತಿದ್ದರಂತೆ. ಕುಂಟೆಬಿಲ್ಲೆಗೆ ಇಲ್ಲಿ ಪೀವರ್ ಅಂತಾರೆ, ಬಿಲ್ಲೆ ಅಂದರೆ ಶೂ ಪಾಲಿಶ್ ಡಬ್ಬಿ.

1948ರಲ್ಲಿ ಒಂದು ಚಿತ್ರಪತ್ರಿಕೆ ಗಾರ್ಬಲ್ಸ್ ಬಗ್ಗೆ ಬರೆಯಲು ಮೊದಲು ಬಿಲ್ ಬ್ರ್ಯಾಂಟ್ ಅವರನ್ನು ಕಳಿಸಿತು. ಬಂದ ಚಿತ್ರಗಳು ತೀರಾ ಮಂಕು ಅನಿಸಿ ಬರ್ಟ್ ಹಾರ್ಡಿಯವರನ್ನು ಕಳಿಸಿದರು. ಹಾರ್ಡಿ ಲಂಡನ್ನಿನ ಬಡ ಕುಟುಂಬದವರು, ಏಳು ಮಕ್ಕಳಲ್ಲಿ ಹಿರಿಯರು. ಅವರಿಗೆ ಇಲ್ಲಿ ಸಿಕ್ಕಿದ್ದು ತೋಳಿಗೆ ತೋಳು ಹೆಣೆದು ಬೀದಿಯಲ್ಲಿ ಬರುವ ಇಬ್ಬರು ಹುಡುಗರು, ಮುಖದ ತುಂಬ ತುಂಟತನ. ಬ್ರ್ಯಾಂಟ್ ದೊಡ್ಡ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಬೀದಿಗೆ ಹಾರ್ಡಿಯೇ ಸರಿ. ಬಡ ಮಕ್ಕಳನ್ನು ಮರುಕದಿಂದ ನೋಡುವ ಕಣ್ಣಿಗೆ ಆಟ ಕಾಣಲ್ಲ.

ಹೊಸ ಗಾರ್ಬಲ್ಸ್‌ನಲ್ಲಿ ಮೂವರು ಹುಡುಗರ ಶಿಲ್ಪ ಇದೆ. ಅಮ್ಮಂದಿರ ಹೈ ಹೀಲ್ಸ್ ಹಾಕಿಕೊಂಡು ಆಡುತ್ತಿದ್ದಾರೆ. 1963ರಲ್ಲಿ ಆಸ್ಕರ್ ಮಾರ್ಜರೋಲಿ ತೆಗೆದ ಫೋಟೋ ನೋಡಿ ಮಾಡಿದ್ದು. ಮಾರ್ಜರೋಲಿ ಇಟಲಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಗ್ಲಾಸ್ಗೋಗೆ ಬಂದು, ಈ ಊರನ್ನೇ ತನ್ನದು ಮಾಡಿಕೊಂಡವರು. ಶಿಲ್ಪದ ಹತ್ತಿರ ಇಬ್ಬರು ಮಕ್ಕಳು ಅಪ್ಪನ ಜೊತೆ ಇದ್ದರು. ಅವರ ಅಪ್ಪನನ್ನು ಕೇಳಿದೆ, ಎಲ್ಲಿಂದ ಬಂದಿದ್ದೇನೆ, ಯಾಕೆ ಅಂತ ಹೇಳಿದೆ. ತೆಗೀರಿ ಅಂದರು. ಮಕ್ಕಳು ಶಿಲ್ಪದ ಹುಡುಗರ ಪಕ್ಕ ತಾವೂ ತುದಿಗಾಲಲ್ಲಿ ನಡೆದು ತೋರಿಸಿದರು. ರಾತ್ರಿಯೇ ಅವರಿಗೆ ಮೇಲ್ ಮಾಡಿದೆ.

ಬೆಂಗಳೂರಿಗೆ ಬಂದ ಮೇಲೆ ಊರೆಲ್ಲ ಸುತ್ತೋದು ಬಿಟ್ಟೆ. ಚಾಮರಾಜಪೇಟೆಯಲ್ಲಿ ಒಂದೇ ಅಡ್ಡರಸ್ತೆ ಹಿಡಿದಿದ್ದೇನೆ. ಭಾನುವಾರ ಬೆಳಿಗ್ಗೆ ಹೋಗ್ತೀನಿ, ಮೊದಲು ಮನೆಯವರನ್ನು ಮಾತಾಡಿಸ್ತೀನಿ, ಮುಂದಿನ ವಾರ ಹೋಗುವಾಗ ಪ್ರಿಂಟ್ ಹಾಕಿಸಿಕೊಂಡು ಹೋಗಿ ಕೊಡ್ತೀನಿ. ಈಗೀಗ ಎರಡು ಬೆರಳು ಎತ್ತೋದು ಕಡಿಮೆ ಆಗಿದೆ. ಮೊನ್ನೆ ಕ್ರಿಕೆಟ್ ಆಡುವ ಹುಡುಗನಿಗೆ ಅವನದೊಂದು ಪ್ರಿಂಟ್ ಕೊಟ್ಟೆ. ಬ್ಯಾಟು ಗೆರೆ ದಾಟಿದೆ, ಚೆಂಡು ಇನ್ನೂ ಕೀಪರ್ ಕೈಗೆ ಬಂದಿಲ್ಲ. "ಅವತ್ತು ನಾನು ಔಟ್ ಆಗಿರ್ಲಿಲ್ಲ, ನೋಡ್ರೋ!" ಅಂತ ಇಡೀ ಬೀದಿಗೆ ತೋರಿಸಿದ. ಅದರ ಮೇಲೆ ಅರ್ಧ ಗಂಟೆ ಜಗಳ ಆಗಿ, ಹಿಂದಿನ ಭಾನುವಾರದ ಮ್ಯಾಚ್ ಅಲ್ಲಿಂದಲೇ ಮತ್ತೆ ಶುರುವಾಯಿತು.